ಹೆಪ್ಪಿಗೆ ಉಳಿಸಿದ ಮೊಸರು

ಹಳ್ಳದ ದಂಡೆಗೆ ಒಂದು ಮಠ, ಮಠದ ಬೆನ್ನಿಗೆ ಒಂದು ಗುಡ್ಡ. ಗುಡ್ಡದ ಮೇಲೆ ಮಠದ ದನ ಮೇಯುತ್ತಿದ್ದವು. ಬುಡದಲ್ಲಿ ಒಂದು ಸೆಲೆ ಹುಟ್ಟಿ ಹಳ್ಳ ಸೇರುತ್ತಿತ್ತು. ಮಠಕ್ಕಿದ್ದ ಆಸ್ತಿ ಇಷ್ಟೇ.

ಗುರುವಿನ ಹೆಸರು ಮೌನಪ್ಪಜ್ಜ. ಹೆಸರು ಮೌನಪ್ಪ ಅಂದಮಾತ್ರಕ್ಕೆ ಮಾತಾಡದವರಲ್ಲ. ಆದರೆ ಒಂದು ಕೇಳಿದರೆ ಇನ್ನೊಂದು ಹೇಳುವ ಆಸಾಮಿ.

ಅಡುಗೆಮನೆ ನೋಡಿಕೊಳ್ಳುತ್ತಿದ್ದವನು ಶಿಷ್ಯ ಕರಿಬಸು. ಅವನ ಕೈ ದೊಡ್ಡದು. ಬಡಿಸಲು ನಿಂತನೆಂದರೆ ಉಣ್ಣುವವರೇ ಸಾಕಪ್ಪಾ ಎಂದು ಎಲೆಗೆ ಕೈ ಅಡ್ಡ ಹಿಡಿಯಬೇಕು.

ಒಂದು ದಿನ ಕಂಪನಿಯ ಜನ ಬಂದರು. ನಿಮ್ಮ ಗುಡ್ಡದಡಿ ಕಲ್ಲಿದ್ದಲು ಸಿಕ್ಕಿದೆ, ಗುಡ್ಡ ಬಿಟ್ಟುಕೊಡಿ ಎಂದರು. ಇದ್ದಲು ತೆಗೆದು ಇಲ್ಲೇ ಸುಟ್ಟು ಸುತ್ತಲಿನ ಹಳ್ಳಿಗಳಿಗೆಲ್ಲ ಕರೆಂಟು ಕೊಡುತ್ತೇವೆ ಎಂದರು. ಆ ಹಳ್ಳಿಗಳಲ್ಲಿ ಕರಿಬಸುವಿನ ಊರೂ ಒಂದು.

ಊರಿನಲ್ಲಿ ಅವನ ತಾಯಿ ಇದ್ದಳು. ಬುಡ್ಡಿದೀಪದ ಹೊಗೆಯಲ್ಲಿ ಕೌದಿ ಹೊಲಿದು ಹೊಲಿದು ಅವಳ ಕಣ್ಣು ಮಂಜಾಗಿದ್ದವು. ಸೂಜಿಗೆ ದಾರ ಪೋಣಿಸಲೂ ಈಗ ಯಾರನ್ನಾದರೂ ಕೂಗಬೇಕು.

ಕರಿಬಸು ಗುರುವಿನ ಬಳಿ ಓಡಿದ. ಕೊಟ್ಟುಬಿಡೋಣ ಎಂದ. ನೆಲದಡಿ ಸುಮ್ಮನೆ ಬಿದ್ದಿರುವ ಕರಿಕಲ್ಲು ಯಾರ ಉಪಯೋಗಕ್ಕೆ ಎಂದೂ ಕೇಳಿದ.

"ನನಗ ವಯಸ್ಸಾತು ತಮ್ಮಾ," ಎಂದರು ಅಜ್ಜ. "ಈ ಸಲ ನಿನ್ನ ಮಾತ ಮಠದ ಮಾತು. ನಾಳೆ ನೀನ ಹೇಳು. ಈಗ ಬಂದವರಿಗೆ ಉಣ್ಣಾಕ ಹಾಕು, ಹೋಗು."

ಕರಿಬಸುವಿಗೆ ಸಂತೋಷ ತಡೆಯಲಾಗಲಿಲ್ಲ. ಬಂದವರಿಗೆ ಕೈಬಿಚ್ಚಿ ಬಡಿಸಿದ. ಮೊಸರಿನ ಗಡಿಗೆಯನ್ನು ಬೋರಲು ಮಾಡಿ ತಳ ಕೆರೆದು ಬಡಿಸಿದ.

ಸಂಜೆ ಹಾಲು ಕಾಸಿ ಆರಲು ಇಟ್ಟಾಗ ಹಣೆ ಬಡಿದುಕೊಂಡ. ಹೆಪ್ಪು ಹಾಕಲು ಒಂದು ಚಮಚ ಮೊಸರೂ ಉಳಿದಿರಲಿಲ್ಲ. ದೀಪ ಹಚ್ಚಿದ ಮೇಲೆ ಯಾವ ಮನೆಯವರೂ ಹೆಪ್ಪು ಕೊಡುವುದಿಲ್ಲ. ಬೆಳಕಿರುವಾಗಲೇ ಹಳ್ಳ ದಾಟಿ, ಆಚೆ ದಂಡೆಯ ಬಾಗವ್ವ ಎಂಬವಳ ಮನೆಗೆ ಹೋದ.

ಊರಿಗೆಲ್ಲ ಉಣಿಸುವ ಮಠಕ್ಕೆ ಹೆಪ್ಪಿಗೂ ಗತಿಯಿಲ್ಲವೇನಪ್ಪಾ ಎಂದು ಬಾಗವ್ವ ನಕ್ಕಳು. ಬಟ್ಟಲಿಗೆ ಒಂದಿಷ್ಟು ಮೊಸರು ಹಾಕಿದಳು. ಒಳಗಿನಿಂದ ಅವಳ ಮಗಳು ಬಂದು, ಯಾರೂ ಹೇಳದೆಯೇ ಆ ಬಟ್ಟಲಿಗೆ ತಟ್ಟೆ ಮುಚ್ಚಿ ಹೋದಳು.

ಮಗಳನ್ನು ಕೊಟ್ಟಿದ್ದು ಇದ್ದಲು ಸುಡುವ ಊರಿಗೆ. ಅಲ್ಲಿ ಹಗಲೂ ರಾತ್ರಿ ಬೂದಿ ಬೀಳುತ್ತದಂತೆ. ಬಾವಿಯ ನೀರಿನ ಮೇಲೂ ಬೂದಿಯ ಕೆನೆ. ಪಾತ್ರೆ ಮುಚ್ಚಿ ಮುಚ್ಚಿ ಅಭ್ಯಾಸವಾಗಿ, ತವರಿಗೆ ಬಂದರೂ ಅವಳ ಕೈ ಸುಮ್ಮನಿರುವುದಿಲ್ಲ ಎಂದಳು ಬಾಗವ್ವ. ಅಷ್ಟರಲ್ಲಿ ಒಳಗೆ ಕೂಸು ಕೆಮ್ಮಿತು. ಆ ಕೆಮ್ಮು ಬೇಗ ನಿಲ್ಲಲಿಲ್ಲ.

"ಅಲ್ಲಿ ದೀಪ ಝಗಝಗ ಅಂತಾವ, ಖರೆ," ಎಂದಳು ಬಾಗವ್ವ. "ಕೂಸಿನ ಎದಿ ಮಾತ್ರ ಸುಂಯ್ ಅಂತೈತಿ."

ಕರಿಬಸು ಬಟ್ಟಲು ಹಿಡಿದು ವಾಪಸ್ಸು ಬಂದ. ಹಾಲಿಗೆ ಹೆಪ್ಪು ಹಾಕುವಾಗ ಅಜ್ಜ ಬಂದು ಪಕ್ಕದಲ್ಲಿ ಕೂತರು.

"ಬಾಗವ್ವಗ ಹೆಪ್ಪು ಎಲ್ಲಿಂದ ಬಂತು?"

"ನಿನ್ನಿ ಮೊಸರಿನಿಂದ, ಅಜ್ಜಾರ."

"ನಿನ್ನಿದಕ್ಕ?"

"ಮೊನ್ನಿದರಿಂದ."

"ಗುಡ್ಡದ ಇದ್ದಲಿ ತೀರಿದ ದಿನ ಯಾರ ಮನಿ ಬಾಗಲಿಗೆ ಹೋಗ್ತಿ?"

ಅಜ್ಜ ಉತ್ತರಕ್ಕೆ ಕಾಯದೆ ಎದ್ದು ಮಲಗಲು ಹೋದರು.

ಮರುದಿನ ಮಧ್ಯಾಹ್ನ ಕಂಪನಿಯವರು ಬಂದರು. ಕರಿಬಸು ಮೊದಲು ಊಟಕ್ಕೆ ಕೂರಿಸಿದ. ಅವರಲ್ಲಿ ಹಿರಿಯವನು ಒಳ್ಳೆಯ ಮನುಷ್ಯ. ಮಠದ ಮೊಸರಿನ ರುಚಿಯನ್ನು ಬಾಯ್ತುಂಬ ಹೊಗಳಿ ಇನ್ನೊಂದು ಸೌಟು ಕೇಳಿದ. ಕರಿಬಸು ಗಡಿಗೆಯೊಳಗೆ ಇಣುಕಿದ. ತಳದಲ್ಲಿ ಸ್ವಲ್ಪವೇ ಇತ್ತು. ಅವನು ಗಡಿಗೆಯ ಬಾಯಿ ಮುಚ್ಚಿದ. ಹುಟ್ಟಿದಾಗಿನಿಂದ ಅವನು ಕೇಳಿದವರಿಗೆ ಬಡಿಸದೆ ಬಿಟ್ಟದ್ದು ಅದೇ ಮೊದಲು.

"ಇದು ಹೆಪ್ಪಿಗೆ ಬೇಕರಿ," ಎಂದ.

ಹಿರಿಯವನು ಬೇಸರ ಮಾಡಿಕೊಳ್ಳಲಿಲ್ಲ, ನಕ್ಕ. "ಇಷ್ಟು ಬಿಗಿ ಕೈ ಯಾಕೆ ಸ್ವಾಮಿ? ಹಾಲಿದ್ದಾಗಲೇ ಹಬ್ಬ ಮಾಡಬೇಕು."

"ಗುಡ್ಡದಾಗ ಹಬ್ಬ ಮುಗಿದ ಮ್ಯಾಲೆ ಏನು ಉಳಿತೈತ್ರಿ?"

ಆ ಮನುಷ್ಯ ಸುಳ್ಳು ಹೇಳಲಿಲ್ಲ.

"ಒಂದು ಗುಂಡಿ ಉಳಿಯುತ್ತದೆ," ಎಂದ. "ಆಮೇಲೆ ಬೂದಿ. ಇದ್ದಲು ಮತ್ತೆ ಬೆಳೆಯುವಂಥದ್ದಲ್ಲ ಸ್ವಾಮಿ."

ಕರಿಬಸು ಕೈಮುಗಿದು, ಗುಡ್ಡ ಕೊಡುವುದಿಲ್ಲ ಎಂದ. ಅವರು ಕೈತೊಳೆದು, ಕಟ್ಟೆಯ ಮೇಲೆ ಕೂತಿದ್ದ ಅಜ್ಜನಿಗೆ ನಮಸ್ಕಾರ ಮಾಡಿ ಹೊರಟುಹೋದರು.

ಹೊತ್ತು ಇಳಿಯುತ್ತಿತ್ತು. ಕರಿಬಸು ಅಜ್ಜನ ಕಾಲ ಬಳಿ ಕೂತು ಅತ್ತುಬಿಟ್ಟ.

"ಗುಡ್ಡ ಉಳಿಸಿದೆ, ಅಜ್ಜಾರ. ನಮ್ಮವ್ವ ಇವತ್ತೂ ಅದ ಬುಡ್ಡಿದೀಪ ಹಚ್ಚತಾಳ. ಆಕಿಗೆ ನಾ ಏನು ಹೇಳ್ಲಿ?"

ಅಜ್ಜ ಗುಡ್ಡದ ಕಡೆ ನೋಡಿದರು. ನೆತ್ತಿಯ ಮೇಲಿನ ಹುಲ್ಲು ಗಾಳಿಗೆ ಮಲಗಿ ಮಲಗಿ ಏಳುತ್ತಿತ್ತು. ಆಮೇಲೆ ಶಿಷ್ಯನ ತಲೆಯ ಮೇಲೆ ಕೈಯಿಟ್ಟರು.

"ಹೆಪ್ಪು ಉಳಿಸೀದಿ, ಚಲೋ ಆತು. ಬರೇ ಹೆಪ್ಪಿನಿಂದ ನಿಮ್ಮವ್ವನ ಗಡಿಗಿ ತುಂಬೂದಿಲ್ಲ. ಬೂದಿ ಬೀಳದ ಬೆಳಕು ಎಲ್ಲೈತಿ ನೋಡು, ನಾಳೆ ಹೊತ್ತು ಮೂಡಿದ ಕೂಡಲೇ ಆ ಹಾಲು ಹುಡುಕಾಕ ಹೋಗು."