ಬೇವಿನೆಲೆ ಇಟ್ಟ ಪುಟ

ದೇವರ ಮನೆಯ ಗೂಡಿನಲ್ಲಿ ಒಂದು ಹಳೆಯ ಪದ್ಯದ ಪುಸ್ತಕವಿತ್ತು. ಅದನ್ನು ತಿಂದುಕೊಂಡೇ ಒಂದು ಹುಳು ಬೆಳೆದಿತ್ತು. ಒಂದು ಬೆಳಿಗ್ಗೆ ಅದು ಹೊರಗೆ ಬಂದಾಗ ಗೋಡೆಯ ಮೇಲಿದ್ದ ಹಲ್ಲಿ ಅದನ್ನು ಕಾಲಿನಿಂದ ಅದುಮಿ ಹಿಡಿಯಿತು.

"ಹಲ್ಲಿರಾಯರೇ, ಬಿಟ್ಟುಬಿಡಿ. ನೂರು ಪದ್ಯ ನನ್ನ ಹೊಟ್ಟೆಯಲ್ಲಿವೆ. ನನ್ನನ್ನು ತಿಂದರೆ ವಿದ್ಯೆಯನ್ನೇ ತಿಂದ ಪಾಪ ನಿಮಗೆ ಬರುತ್ತದೆ" ಎಂದಿತು ಹುಳು.

"ಓಹೋ, ಪಂಡಿತರೋ! ಹಾಗಾದರೆ ಒಂದೇ ಒಂದು ಪದ್ಯ ಹೇಳಿ, ಬಿಡುತ್ತೇನೆ" ಎಂದಿತು ಹಲ್ಲಿ.

ಹುಳು ತಡಕಾಡಿತು. ಮೊದಲ ಪುಟದ ಅಂಟು ಸಿಹಿಯಾಗಿತ್ತು, ನಡುವಿನ ಹಾಳೆ ಮೆತ್ತಗಿತ್ತು. ಅಷ್ಟೇ ನೆನಪು.

"ಏನು ಪಂಡಿತರೇ, ಉಂಡದ್ದು ಮರೆತುಹೋಯಿತೇ?" ಎನ್ನುತ್ತಾ ಹಲ್ಲಿ ಬಾಯಿ ತೆರೆಯಿತು.

ಆಗ ಹುಳುವಿಗೆ ತಾನು ತಿನ್ನಲಾಗದೆ ಬಿಟ್ಟ ಪುಟವೊಂದು ನೆನಪಾಯಿತು. ಮನೆಯ ಯಜಮಾನಿ ಅದರಲ್ಲಿ ಬೇವಿನೆಲೆ ಇಟ್ಟಿದ್ದಳು. ಕಹಿ ಹೋಗಲೆಂದು ಹುಳು ವಾರಗಟ್ಟಲೆ ಅದರ ಮುಂದೆ ಕಾದು ಕುಳಿತಿತ್ತು. ಬೇರೆ ಕೆಲಸವಿಲ್ಲದೆ ಅದನ್ನೇ ಮತ್ತೆ ಮತ್ತೆ ಓದಿತ್ತು.

"ಬೆಣ್ಣೆ ಬರಿದಾಯಿತೆಂದು ಬೈಯಬೇಡ, ತಾಯಿ, ಕಂದನ ತುಟಿ ನೋಡು, ಬೆಳದಿಂಗಳಂಟಿದೆ" ಎಂದು ಅದು ರಾಗವಾಗಿ ಶುರುಮಾಡಿತು.

ಹಲ್ಲಿಯ ಬಾಯಿ ಮುಚ್ಚಿಕೊಂಡಿತು, ಕಾಲು ಸಡಿಲವಾಯಿತು. ಅದು ಒಮ್ಮೆ ಲೊಚಗುಟ್ಟಿ, "ಗೆದ್ದೆ ಮಾರಾಯ, ಹೊರಡು" ಎಂದಿತು.

ಹುಳು ಕದಲಲಿಲ್ಲ.

"ಸ್ವಲ್ಪ ತಾಳಿ ರಾಯರೇ, ಇನ್ನೂ ಎರಡು ಸಾಲು ಇವೆ" ಎಂದು ಮುಂದಿನದನ್ನು ಎತ್ತಿಕೊಂಡಿತು.