ಕಡವಿನ ಹಲಗೆ

“ಗುರುಗಳೇ, ಒಂದು ಮಾತಿಗೆ ಹಲವು ಅರ್ಥಗಳಿದ್ದರೆ ಅವುಗಳಲ್ಲಿ ನಿಜವಾದದ್ದು ಯಾವುದು?”

ಮಠದ ಪಡಸಾಲೆಯಲ್ಲಿ ಕುಳಿತಿದ್ದ ಗುರುಗಳ ಮುಂದೆ ಕೈಕಟ್ಟಿ ನಿಂತು ಸಿದ್ಧವೀರ ಹೀಗೆ ಕೇಳಿದ. ಕೇಳುವ ಹೊತ್ತಿಗೆ ಅವನ ತಲೆ ಕಲಸುಮೇಲೋಗರವಾಗಿತ್ತು. ಅದಕ್ಕೆ ಕಾರಣ ಒಂದೇ ಒಂದು ಇಂಗ್ಲಿಷ್ ಮಾತು.

ಸಿದ್ಧವೀರ ಮಠದಲ್ಲಿ ಸಂಸ್ಕೃತ ಓದಿದವನು. ಇಂಗ್ಲಿಷನ್ನು ತಾನಾಗಿಯೇ ಕಲಿತವನು. ಆ ಊರಿನಲ್ಲಿ ಬೇರೆ ಯಾರಿಗೂ ಅಷ್ಟು ಇಂಗ್ಲಿಷ್ ಬರುತ್ತಿರಲಿಲ್ಲವಾದ್ದರಿಂದ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಅದು ಅವನಿಗೆ ಹಿತವಾಗಿಯೇ ಇತ್ತು, ಸುಳ್ಳೇಕೆ ಹೇಳಬೇಕು. ಆ ದಿನ ಬೆಳಿಗ್ಗೆ ಪುಟ್ಟಗೌರಮ್ಮ ಎಂಬ ಹೆಂಗಸು ಮಠಕ್ಕೆ ಬಂದಿದ್ದಳು. ಅವಳ ಗಂಡ ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಬಲಗೈ ಕಳೆದುಕೊಂಡಿದ್ದ.

“ಸ್ವಾಮಿ, ನಾಳೆ ದೊಡ್ಡಾಸ್ಪತ್ರೇಲಿ ಬೋರ್ಡ್ ಕೂರ್ತದಂತೆ. ನಮ್ಮ ಯಜಮಾನ್ರು ಅದರ ಮುಂದೆ ಹೋಗಿ ನಿಂತ್ರೇನೇ ಪಿಂಚಣಿಯಂತೆ. ಬೋರ್ಡ್ ಅಂದ್ರೆ ಏನು ಅಂತ ಗೊತ್ತಾಗೋವರ್ಗೂ ಬಸ್ ಹತ್ತಲ್ಲ ಅಂತ ಹಟ ಹಿಡಿದು ಕೂತವ್ರೆ. ಉಳಿದಿರೋ ಕೈನೂ ಕುಯ್ದುಬಿಟ್ಟಾರು ಅಂತ ಭಯ ಅವರ್ಗೆ. ನೀವು ಒಂದು ಮಾತು ಹೇಳ್ಬುಟ್ರೆ ಮಧ್ಯಾಹ್ನದ ಬಸ್ಸಿಗೆ ಹೊರಡಿಸ್ಕೊಂಡು ಹೋಗ್ತೀನಿ,” ಎಂದಳು.

ನಾಲ್ಕು ಜನ ಡಾಕ್ಟರು ಒಟ್ಟಿಗೆ ಕೂತು ನೋಡುತ್ತಾರಮ್ಮ, ಕುಯ್ಯುವುದಿಲ್ಲ, ಧೈರ್ಯವಾಗಿ ಹೋಗಿ ಬನ್ನಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೇರೆ ಯಾರಾದರೂ ಹಾಗೆಯೇ ಅನ್ನುತ್ತಿದ್ದರು. ಸಿದ್ಧವೀರ ಓದಿದವನಲ್ಲವೇ, ಅಷ್ಟು ಸುಲಭವಾಗಿ ಬಿಡುವನೇ? “ಇರಮ್ಮ, ಸರಿಯಾಗಿ ನೋಡಿ ಹೇಳುತ್ತೇನೆ,” ಎಂದು ಒಳಗೆ ಹೋಗಿ ನಿಘಂಟು ತೆಗೆದ.

ಬೋರ್ಡ್ ಎಂದರೆ ಹಲಗೆ ಎಂದಿತ್ತು. ಸರಿ ಎಂದುಕೊಂಡ. ಅದರ ಕೆಳಗೆ ಮೇಜು ಎಂದಿತ್ತು. ಆಮೇಲೆ ಮೇಜಿನ ಮೇಲೆ ಬಡಿಸುವ ಊಟವೂ ಬೋರ್ಡ್ ಆಗಿತ್ತು. ಮೇಜಿನ ಸುತ್ತ ಕೂತು ತೀರ್ಮಾನ ಹೇಳುವ ಮಂದಿಯೂ ಬೋರ್ಡ್ ಆಗಿದ್ದರು. ಹಡಗಿನ ಪಕ್ಕಕ್ಕೂ ಅದೇ ಹೆಸರು, ಹಡಗು ಹತ್ತುವುದಕ್ಕೂ ಅದೇ ಹೆಸರು. ಮರದ ತುಂಡೊಂದು ಊಟವಾಗಿ, ಊಟ ಮನುಷ್ಯರಾಗಿ ತೀರ್ಪು ಕೊಡುವುದು ಯಾವ ನ್ಯಾಯ ಎಂದು ಅವನಿಗೆ ರೇಗಿತು. ಇವೆಲ್ಲ ಆಮೇಲೆ ಅಂಟಿಕೊಂಡವು, ಬೇರಿನಲ್ಲಿ ಒಂದೇ ಇರಬೇಕು, ಅದು ಸಿಕ್ಕರೆ ಸಾಕು ಎಂದು ಮೂಲ ಹುಡುಕಿದ. ಬೇರಿನಲ್ಲಿ ಎರಡು ಇದ್ದವು. ಹಲಗೆ ಎಂಬ ಮಾತು ಬೇರೆ, ಹಡಗಿನ ಅಂಚು ಎಂಬ ಮಾತು ಬೇರೆ, ಬಹಳ ಹಿಂದೆಯೇ ಎರಡೂ ಕೂಡಿಹೋದವು ಎಂದು ಕೆಲವು ಪಂಡಿತರು ಹೇಳಿದ್ದರು. ಅಲ್ಲ, ಮೊದಲಿನಿಂದಲೂ ಒಂದೇ ಎಂದು ಇನ್ನು ಕೆಲವರು. ಸಿದ್ಧವೀರನಿಗೆ ಕಾಲಕೆಳಗಿನ ನೆಲವೇ ಜರುಗಿದ ಹಾಗಾಯಿತು. ನಿಘಂಟನ್ನು ಅಲ್ಲೇ ಬಿಟ್ಟು ಗುರುಗಳ ಬಳಿಗೆ ಓಡಿ ಬಂದ.

ಗುರುಗಳು ಎಲ್ಲವನ್ನೂ ಕೇಳಿಸಿಕೊಂಡರು. “ಈ ಮಾತಿನ ಅರ್ಥ ಯಾರಿಗೆ ಬೇಕಾಗಿತ್ತು?” ಎಂದರು.

“ಜಗಲಿಯ ಮೇಲೆ ಒಬ್ಬ ತಾಯಿ ಕೂತಿದ್ದಾಳೆ, ಅವಳಿಗೆ. ಅದಿರಲಿ ಗುರುಗಳೇ, ಎರಡು ಬೇರುಗಳಲ್ಲಿ ನಿಜವಾದದ್ದು ಯಾವುದು?”

ಗುರುಗಳು ಅವನನ್ನು ಕೂರಲು ಹೇಳಿ ಒಂದು ಕತೆ ಹೇಳಿದರು.

ಒಂದು ಹೊಳೆಯ ಕಡವಿನಲ್ಲಿ ಒಬ್ಬ ಅಂಬಿಗನಿದ್ದ. ಅವನ ಹತ್ತಿರ ಹಿರಿಯರ ಕಾಲದ ಒಂದು ಹಲಗೆ ಇತ್ತು. ಈಚೆ ದಡದಲ್ಲಿ ಕೆಸರು ಬಹಳ, ಕಾಲಿಟ್ಟರೆ ತೊಡೆಯವರೆಗೆ ಹೂತುಹೋಗುತ್ತಿತ್ತು. ದೋಣಿಯಿಂದ ದಡದ ಬಂಡೆಗೆ ಹಲಗೆ ಹಾಕಿದರೆ ಮಾತ್ರ ಜನ ಹತ್ತಿ ಇಳಿಯಬಹುದಾಗಿತ್ತು. ದೋಣಿ ಆಚೆ ದಡಕ್ಕೆ ಹೋದಾಗ ಅಂಬಿಗನ ಹೆಂಡತಿ ಅದೇ ಹಲಗೆಯನ್ನು ತೊಳೆದು, ಎರಡು ಕಲ್ಲುಗಳ ಮೇಲಿಟ್ಟು, ಕಾಯುತ್ತಿದ್ದವರಿಗೆ ಅದರ ಮೇಲೆ ಎಲೆ ಹಾಕಿ ಬಡಿಸುತ್ತಿದ್ದಳು. ಹಲಗೆಗೆ ಬನ್ನಿ ಎಂದರೆ ಊಟಕ್ಕೆ ಬನ್ನಿ ಎಂದೇ ಆ ಕಡೆಯವರ ಲೆಕ್ಕ. ಊರಲ್ಲಿ ಜಗಳವಾದಾಗ ಹಿರಿಯರು ಅದನ್ನೇ ಮುಂದಿಟ್ಟುಕೊಂಡು ಕೂರುತ್ತಿದ್ದರು. ಅವರು ಹೇಳಿದ್ದನ್ನು ಹಲಗೆ ಹೇಳಿತು ಎನ್ನುತ್ತಿದ್ದರು. ಯಾರು ಯಾವ ಕೆಲಸಕ್ಕೆ ಒಯ್ದರೂ ದೋಣಿ ಮರಳಿ ಬರುವಷ್ಟರಲ್ಲಿ ಹಲಗೆಯನ್ನು ತಂದು ಬಂಡೆಯ ಪಕ್ಕ ಇಡಬೇಕು. ಆ ಕಡವಿನಲ್ಲಿ ಇದ್ದ ಕಟ್ಟುಪಾಡು ಅದೊಂದೇ. ಅದನ್ನು ಯಾರೂ ಎಂದೂ ಮುರಿದಿರಲಿಲ್ಲ.

ಒಂದು ದಿನ ದೋಣಿಗೆ ಕಾಯುತ್ತ ಒಬ್ಬ ವ್ಯಾಪಾರಿ ಆ ಹಲಗೆಯ ಮೇಲೆ ಉಂಡ. ಸ್ವಲ್ಪ ಹೊತ್ತಿಗೆ ಅದರ ಮೇಲೆಯೇ ಕಾಲಿಟ್ಟು ದೋಣಿ ಹತ್ತಿದ. ಹತ್ತಿದವನು ತಿರುಗಿ ನೋಡಿ, “ಅಲ್ಲಯ್ಯಾ, ಇದು ಉಣ್ಣುವ ಹಲಗೆಯೋ ತುಳಿಯುವ ಹಲಗೆಯೋ?” ಎಂದು ನಕ್ಕ. ಆಚೆ ದಡದಲ್ಲಿ ಇಳಿದು ತನ್ನ ದಾರಿ ಹಿಡಿದ. ಅವನ ಪಾಲಿಗೆ ಅದು ಅಲ್ಲಿಗೇ ಮುಗಿದ ಮಾತು.

ಅಂಬಿಗನ ಪಾಲಿಗೆ ಮುಗಿಯಲಿಲ್ಲ. ಅಷ್ಟು ವರ್ಷ ಬಾರದ ಯೋಚನೆ ಆ ದಿನ ಅವನ ತಲೆ ಹೊಕ್ಕಿತು. ಹೆಂಡತಿಯನ್ನು ಕೇಳಿದ. ಅನ್ನ ಇಕ್ಕುವ ಹಲಗೆ, ಇನ್ನು ಮೇಲೆ ತುಳಿಯಬೇಡಿ ಎಂದಳು. ಹಿರಿಯರನ್ನು ಕೇಳಿದ. ನ್ಯಾಯದ ಹಲಗೆ, ಅದರ ಮೇಲೆ ಉಣ್ಣುವುದು ತಪ್ಪು ಎಂದರು. ದೋಣಿಗೆ ಬಂದ ರೈತನೊಬ್ಬನನ್ನು ಕೇಳಿದ. ಮೊದಲು ಅದನ್ನು ಹಾಕು ಮಾರಾಯ, ನನ್ನ ಕಾಲು ಹೂತುಹೋಗುತ್ತಿದೆ ಎಂದ. ಅಲ್ಲಿಯವರೆಗೆ ಯಾರಿಗೂ ಇಲ್ಲದ ತಕರಾರು ಕೇಳಿದ ಮೇಲೆ ಹುಟ್ಟಿತು. ಅಂಬಿಗ ಹೊಳೆಯ ನಡುವೆ ಹುಟ್ಟು ಹಾಕುವುದನ್ನು ಮರೆತು ಕೂರತೊಡಗಿದ. ದೋಣಿ ತಿರುಗಿ ತಿರುಗಿ ಎಲ್ಲೋ ಹೋಗುತ್ತಿತ್ತು, ಒಳಗಿದ್ದವರು ಬೈಯುತ್ತಿದ್ದರು.

ಕೊನೆಗೆ ಅವನು ಹಲಗೆಯನ್ನು ಹೊತ್ತುಕೊಂಡು ಒಬ್ಬ ಬಡಗಿಯ ಮನೆಗೆ ಹೋದ. ಬಡಗಿ ಅದನ್ನು ಮಗುಚಿ ನೋಡಿ, ಉಗುರಿನಿಂದ ಕೆರೆದು, ಇದು ಒಂದು ಹಲಗೆಯಲ್ಲ ಎಂದ. ಅರ್ಧ ಯಾವುದೋ ಹಳೆಯ ದೋಣಿಯ ಪಕ್ಕ, ಇನ್ನರ್ಧ ಹಲಸಿನ ಮರದ್ದು. ಯಾರೋ ಹಿರಿಯರು ಎರಡನ್ನೂ ಮರದ ಮೊಳೆ ಹೊಡೆದು, ಸಂದಿಗೆ ರಾಳ ಮೆತ್ತಿ ಚೆನ್ನಾಗಿ ಕೂಡಿಸಿದ್ದಾರೆ ಎಂದ. ಅಂಬಿಗನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಇವೆರಡರಲ್ಲಿ ಒಂದು ನಿಜವಾದ ಹಲಗೆ, ಇನ್ನೊಂದು ಆಮೇಲೆ ಬಂದು ಸೇರಿಕೊಂಡದ್ದು, ಬೇರೆ ಮಾಡಿದರೆ ತಿಳಿದೀತು ಎಂದುಕೊಂಡ. ಬಡಗಿ ಬೇಡ ಎನ್ನುವಷ್ಟರಲ್ಲಿ ಉಳಿ ಎತ್ತಿಕೊಂಡು ಸಂದಿಗೆ ಇಟ್ಟು ಹೊಡೆದೇಬಿಟ್ಟ. ಮೊಳೆಗಳು ಮುರಿದವು. ಎರಡು ತುಂಡಾಯಿತು.

ಅಂಬಿಗ ಒಂದೊಂದು ಕೈಯಲ್ಲಿ ಒಂದೊಂದು ತುಂಡು ಹಿಡಿದು ಕಡವಿಗೆ ಬಂದ. ಆ ದಿನ ಹೊಳೆಯಲ್ಲಿ ಕೆಂಪು ನೀರು ಬಂದಿತ್ತು. ಅವನ ಮಗಳು ತುಂಬು ಬಸುರಿ, ಹೆರಿಗೆಗೆಂದು ತವರಿಗೆ ಬರುತ್ತಿದ್ದಳು. ಅವಳ ತಮ್ಮ ಅವಳನ್ನು ದೋಣಿಯಲ್ಲಿ ಕೂರಿಸಿಕೊಂಡು ಆಚೆ ದಡದಿಂದ ಹೇಗೋ ಈಚೆಗೆ ತಂದಿದ್ದ. ದೋಣಿ ಕೆಸರಿನ ಹತ್ತಿರ ಬಂದು ಸೆಳವಿಗೆ ಹೊಯ್ದಾಡುತ್ತಿತ್ತು. ಮಗಳು ಒಂದು ಕೈಯಲ್ಲಿ ದೋಣಿಯ ಅಂಚು, ಇನ್ನೊಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಎದ್ದು ನಿಂತಳು.

“ಅಪ್ಪಾ, ಹಲಗೆ ಹಾಕಪ್ಪಾ,” ಎಂದಳು.

ಅಂಬಿಗ ಎಡಗೈ ನೋಡಿದ, ಬಲಗೈ ನೋಡಿದ. ಒಂದೊಂದೂ ಒಂದು ಪಾದ ಊರುವಷ್ಟು ಅಗಲವೂ ಇರಲಿಲ್ಲ. ದೋಣಿಯ ತುಂಡು ಯಾವುದು, ಹಲಸಿನ ತುಂಡು ಯಾವುದು ಎಂಬುದು ಅವನಿಗೆ ಈಗ ಚೆನ್ನಾಗಿ ಗೊತ್ತಿತ್ತು. ಯಾವುದನ್ನು ಚಾಚಬೇಕು ಎಂಬುದು ಗೊತ್ತಿರಲಿಲ್ಲ. ಮಗಳು ಇನ್ನೊಮ್ಮೆ ಅಪ್ಪಾ ಎಂದಳು. ಅವನು ಎರಡನ್ನೂ ಹಿಡಿದುಕೊಂಡು ನಿಂತೇ ಇದ್ದ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

ಸಿದ್ಧವೀರ ಕಣ್ಣು ಮುಚ್ಚಿ ಯೋಚಿಸಿದ. ಕತೆ ಅವನಿಗೆ ಬಹಳ ಹಿಡಿಸಿತ್ತು. ತನ್ನ ಎರಡು ಬೇರುಗಳೇ ಗುರುಗಳ ಕತೆಯಲ್ಲಿ ಎರಡು ತುಂಡುಗಳಾಗಿ ಬಂದಿವೆ ಎಂದು ಅವನಿಗೆ ಹೊಳೆದಿತ್ತು, ಹೊಳೆದದ್ದಕ್ಕೆ ಸಂತೋಷವೂ ಆಗಿತ್ತು. ಹೊರಗೆ ಪುಟ್ಟಗೌರಮ್ಮ ಯಾರನ್ನೋ ಬಸ್ಸು ಬರುವ ಹೊತ್ತಾಯಿತೇ ಎಂದು ಕೇಳುತ್ತಿದ್ದಳು. ಅವಳ ದನಿ ಅಳುವಂತಿತ್ತು. ಸಿದ್ಧವೀರನಿಗೆ ಅದು ಕೇಳಿಸಿತು, ಆದರೆ ಅವನ ಮನಸ್ಸು ಕಡವಿನಲ್ಲಿತ್ತು. ಎಷ್ಟು ಯೋಚಿಸಿದರೂ ಅವನಿಗೆ ಒಂದು ಮಾತ್ರ ಬಗೆಹರಿಯಲಿಲ್ಲ. ಗುರುಗಳು ಬೇಕೆಂದೇ ಬಿಟ್ಟಿರಬೇಕು, ಕೇಳಿಯೇಬಿಡೋಣ ಎಂದುಕೊಂಡು ಮುಂದಕ್ಕೆ ಜರುಗಿ ಕೂತ.

“ಗುರುಗಳೇ, ಆ ಎರಡು ತುಂಡುಗಳಲ್ಲಿ ಹಳೆಯದು ಯಾವುದು? ದೋಣಿಯದ್ದೋ, ಹಲಸಿನದ್ದೋ?”

ಗುರುಗಳು ಅವನನ್ನೇ ನೋಡುತ್ತ ಹೇಳಿದರು: “ಆ ಬಸುರಿ ಹೆಣ್ಣು ದಡ ಸೇರಿದಳೇ ಎಂದು ನೀನು ಕೇಳಲಿಲ್ಲವಲ್ಲ.”