ಸಾಹೇಬರ ಊಟಕ್ಕೆ ನೆರಳು

ಅರಣ್ಯ ಇಲಾಖೆಯ ಸಾಹೇಬರು ಗುಡ್ಡಕ್ಕೆ ಬಂದವರೇ ಕಾವಲುಗಾರ ದುರುಗಪ್ಪನ ಮುಂದೆ ವರದಿ ಹಿಡಿದರು.

"ಐದು ವರ್ಷದಲ್ಲಿ ಐವತ್ತು ಸಾವಿರ ಸಸಿ ನೆಟ್ಟಿದ್ದೀವಿ. ಯೋಜನೆ ನೂರಕ್ಕೆ ನೂರು ಗೆದ್ದಿದೆ ಅಂತ ರುಜು ಹಾಕು. ಇಲ್ಲದಿದ್ರೆ ನಾಳೆಯಿಂದ ಬರಬೇಡ."

ವರ್ಷಾ ವರ್ಷಾ ಒಣಗಿದ ಸಸಿ ಕಿತ್ತು, ಅದೇ ಗುಂಡಿಗೆ ಹೊಸದು ನೆಟ್ಟವನು ದುರುಗಪ್ಪನೇ.

"ಹಾಕ್ತೀನಿ ಸಾಹೇಬ್ರೆ. ಮೊದಲು ಊಟ ಮಾಡಿ. ನಾವು ನೆಟ್ಟ ಯಾವ ಮರ ಬೇಕೋ ತೋರಿಸಿ, ಅದರ ನೆರಳಲ್ಲೇ ಎಲೆ ಹಾಕ್ತೀನಿ" ಎಂದು ಬುತ್ತಿ ಹೊತ್ತು ಹಿಂದೆ ನಡೆದ.

ಸಾಹೇಬರು ಗುಡ್ಡ ಹತ್ತಿದರು, ಇಳಿದರು. ಕೊನೆಗೆ ಜೀಪಿನ ನೆರಳಲ್ಲಿ ಕೂತು ಉಂಡರು. ಕೈ ತೊಳೆದು, ವರದಿಯಲ್ಲಿ "ನೆಟ್ಟ ಸಸಿ" ಎಂದಿದ್ದನ್ನು ಹೊಡೆದುಹಾಕಿ "ಬದುಕಿದ ಸಸಿ" ಎಂದು ಬರೆದರು.

"ಎಷ್ಟು ಅಂತ ಹಾಕಲಿ?"

"ಈ ಬೇಸಿಗೆ ಕಳೀಲಿ ಸಾಹೇಬ್ರೆ, ಎಣಿಸಿ ಹೇಳ್ತೀನಿ."